ನಿಂತಲ್ಲೇ ದಿಘಿಗೆ

ಪುಣೆಯ ಭೋಸರಿಯ ಒಂದು ಶೆಡ್ಡಿನಲ್ಲಿ ನಾನು ಮಾಡುವುದು
ಎಲ್ಲಿಗೂ ಹೋಗದ ಸೈಕಲ್ಲು.

ಆರು ಕಿಲೋ ಚಕ್ರ, ಅಂಚಿಗೆ ಅಲ್ಯೂಮಿನಿಯಂ ಪಟ್ಟಿ.
ಅದರ ಪಕ್ಕ, ಎರಡು ಮಿಲಿಮೀಟರ್ ಗಾಳಿ ಬಿಟ್ಟು,
ಅಯಸ್ಕಾಂತದ ನಾಲ್ಕು ಬಿಲ್ಲೆ.
ಮುಟ್ಟುವುದಿಲ್ಲ, ಸವೆಯುವುದಿಲ್ಲ, ಸದ್ದಿಲ್ಲ.
ನೀವು ಜೋರು ಮಾಡಿದಷ್ಟೂ ಜೋರಾಗಿ ತಡೆಯುತ್ತದೆ,
ನಿಲ್ಲಿಸಿದಿರೋ, ಬಿಟ್ಟುಬಿಡುತ್ತದೆ.
(ಇಂಥ ಅತ್ತೆಯೊಬ್ಬಳು ನನಗಿದ್ದಳು. ಅದು ಬೇರೆ ಮಾತು.)

ನಕ್ಷೆಯಲ್ಲೊಬ್ಬ ಮನುಷ್ಯನಿದ್ದಾನೆ, ಮುಖವಿಲ್ಲದವನು.
ಎತ್ತರ ನೂರೈವತ್ತೈದರಿಂದ ನೂರತೊಂಬತ್ತು ಸೆಂಟಿಮೀಟರ್,
ತೂಕ ನೂರಹತ್ತು ಕಿಲೋದವರೆಗೆ.
ಅವನ ಸೆರಗು ಪೆಡಲಿಗೆ ಸಿಕ್ಕುವುದಿಲ್ಲ,
ಕೆಳಗಿನ ಮನೆಯವರು ಕೋಲೆತ್ತಿ ಸೂರು ಕುಟ್ಟುವುದಿಲ್ಲ.
ಅವನನ್ನೇ ಕೂರಿಸಿಕೊಂಡು
ಸೀಟಿನ ಕಂಬಕ್ಕೆ ಆರು ತೂತು ಕೊರೆಸಿದ್ದೆ.

ಗೌರಾಬಾಯಿ ಹತ್ತೂರೆ ಪ್ಯಾಕಿಂಗಿನವಳು.
ಅಕ್ಕಲಕೋಟೆ ಕಡೆಯವಳು, ಹಾಗಾಗಿ ಆ ಶೆಡ್ಡಿನಲ್ಲಿ
ನನ್ನ ಕನ್ನಡಕ್ಕಿದ್ದ ಒಂದೇ ಕಿವಿ.
ಒಂದು ಸಂಜೆ ಥರ್ಮಾಕೋಲು ಕೆಳಗಿಟ್ಟು ಕೇಳಿದಳು:
"ಬಾಯೇರ, ಒಂದ್ಸಲ ಹತ್ತಿ ನೋಡ್ಲೇನ್ರಿ?"

ಹತ್ತಿದಳು.
ಸೀಟು ತೀರ ಕೆಳಗಿನ ತೂತಿನಲ್ಲಿತ್ತು. ಆದರೂ
ಪೆಡಲು ತಳ ಮುಟ್ಟುವಾಗ ಅವಳ ಪಾದ ಬಿಟ್ಟು
ತಾನೊಂದೇ ಮುಂದೆ ಹೋಯಿತು.
"ನಾ ಗಿಡ್ಡ ಅದೀನಲ್ರಿ" ಎಂದಳು,
ಏನೋ ಒಡೆದುಹಾಕಿದವಳಂತೆ ಇಳಿಯುತ್ತ.

ಸೀಟು ಕೆಳಗಿಳಿಯಬೇಕಾದರೆ ತೂತು ಮೇಲೆ ಹೋಗಬೇಕು.
ಮಾಲೀಕ ಕುದಳೆಯವರಿಗೆ ಇಷ್ಟು ತಿಳಿಸಲು ಎರಡು ಚಹಾ ಬೇಕಾದವು.
ತೂತು ಮೇಲೆ ಹೋದರೆ ಕಂಬ ಒಳಗಿಳಿದು
ಅದರ ಬುಡ ವೆಲ್ಡಿಂಗಿಗೆ ಬಡಿಯುತ್ತದೆ.
ಬುಡ ಕತ್ತರಿಸಿದರೆ, ಎತ್ತರದವನು ಕೂತಾಗ
ಒಳಗೆ ಹಿಡಿತ ಸಾಲದು.
ಒಬ್ಬಳನ್ನು ಕೂರಿಸಲು ಇನ್ನೊಬ್ಬನನ್ನು ಬೀಳಿಸುವುದೇ?
ಒಂದೇ ಒಂದು ಇಂಚು. ಮೂರು ರಾತ್ರಿ ತಿಂದಿತು.

ನಾಲ್ಕನೆಯ ಬೆಳಿಗ್ಗೆ ಟರ್ನರ್ ದತ್ತೋಬಾ,
ಲೇಥಿನಿಂದ ತಲೆಯೆತ್ತದೆ, ಮರಾಠಿಯಲ್ಲಿ ಹೇಳಿದ:
ಕಂಬವನ್ನು ಸ್ವಲ್ಪ ಹಿಂದೆ ಸರಿಸಿ ತಾಯಿ,
ವೆಲ್ಡಿಂಗಿನ ಪಕ್ಕದಿಂದ ಇಳಿದು ಹೋಗಲಿ,
ದಾರಿ ಕೊಡದವರ ಜೊತೆ ಜಗಳವೇಕೆ.
ಒಂದು ಯಂತ್ರಕ್ಕೆ ಹನ್ನೊಂದು ರೂಪಾಯಿ ಹೆಚ್ಚಾಯಿತು.
ಕುದಳೆಯವರು ಹಣೆ ಒತ್ತಿಕೊಂಡರು, ಸಹಿಯನ್ನೂ ಒತ್ತಿದರು.

ಏಳನೆಯ ತೂತಿಗೆ ಪಿನ್ನು ಬಿದ್ದ ದಿನ
ಗೌರಾಬಾಯಿ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ
ಪಾಳಿ ಮುಗಿದ ಮೇಲೆ ಹದಿನೆಂಟು ನಿಮಿಷ ತುಳಿದಳು.
"ನಾಕ್ ಕಿಲೋಮೀಟರ್ ತೋರಿಸ್ತದ್ರೀ!
ದಿಘಿ ಬಂತು, ನಮ್ಮನಿ ಬಂತು!"
ಆಮೇಲೆ ಚಪ್ಪಲಿ ಮೆಟ್ಟಿ, ಡಬ್ಬಿ ಹಿಡಿದು
ದಿಘಿಗೆ ನಡೆದು ಹೋದಳು.

ಮರುದಿನ ಬಂದು ಮೆಲ್ಲಗೆ ಹೇಳಿದಳು:
"ನಿಮ್ಮ ಕಿಲೋಮೀಟರ್ ಸಣ್ಣದದ್ರಿ.
ರಸ್ತೇದು ದೊಡ್ಡದು. ನಡುವ ಏರು ಬ್ಯಾರೆ."

ಏನು ಹೇಳಲಿ?
ನೆಲ ಮುಟ್ಟದ ಚಕ್ರಕ್ಕೆ ಎಲ್ಲಿಯ ದೂರ?
ಒಂದು ಸುತ್ತಿಗೆ ನಾಲ್ಕು ಮೀಟರ್ ಎಂದು
ಒಂದು ಮಂಗಳವಾರ ಊಟದ ನಂತರ ಬರೆದವಳು ನಾನೇ.
ನಾಲ್ಕೂವರೆ ಮಾಡು, ಗಿರಾಕಿ ಖುಷಿಪಡಲಿ,
ಎಂದವರು ಕುದಳೆ. ಮಾಡಿದೆ.
ಈಗಲೂ ಪೆಟ್ಟಿಗೆಯಲ್ಲಿ ಹೋಗುವುದು ನಾಲ್ಕೂವರೆಯೇ;
ಅಂಧೇರಿಯಲ್ಲಿ, ಮಡಗಾಂವಿಯಲ್ಲಿ, ಬಾಲ್ಕನಿಗಳಲ್ಲಿ
ಜನ ನನ್ನ ಸುಳ್ಳಿನ ಮೇಲೆ ಬೆವರುತ್ತಾರೆ.
ಬೆವರು ಮಾತ್ರ ಖರೆ.

ಪ್ಯಾಕಿಂಗ್ ಮೂಲೆಯಲ್ಲಿ ಉಳಿದ ಮಾದರಿಯೊಂದರಲ್ಲಷ್ಟೇ
ಅಂಕಿ ತಿದ್ದಿದೆ: ಎರಡೂವರೆ.
ಈಗ ಅವಳಿಗೆ ದಿಘಿ ಮುಟ್ಟಲು ಅರ್ಧ ತಾಸು ದಾಟುತ್ತದೆ.
ನಿನ್ನೆ ಪಕ್ಕದಲ್ಲಿ ನಿಂತು ಕೇಳಿದೆ:
"ಏರು ಎಲ್ಲಿಂದ ಸುರು, ಗೌರಾಬಾಯಿ?"
"ಪೆಟ್ರೋಲ್ ಪಂಪ್ ದಾಟಿದ ಮ್ಯಾಲ."
"ದಾಟಿದಿರಾ?"
"ತಡೀರಿ... ತಡೀರಿ... ಹಾಂ, ದಾಟಿದೆ."

ಗುಂಡಿಯನ್ನು ಕಾಲು ಸುತ್ತು ತಿರುಗಿಸಿದೆ.
ಅಯಸ್ಕಾಂತ ಕೂದಲೆಳೆಯಷ್ಟು ಹತ್ತಿರ ಬಂತು.
ಅವಳು ಮುಂದೆ ಬಾಗಿದಳು, ಹಲ್ಲು ಕಚ್ಚಿದಳು,
"ಇದ. ಇದ ನೋಡ್ರಿ" ಎಂದಳು.